ಆಸ್ಪತ್ರೆ ನಮ್ಮದೇ, ಆದರೂ ರಿಪೋರ್ಟ್ ಜೋಪಾನ

ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟದ ಕಡೆ, ತಿಪಟೂರಿನ ಕೊಬ್ಬರಿ ಹರಾಜಿನ ದರ ಹಬ್ಬಿದಷ್ಟೇ ಬೇಗ ಒಬ್ಬರ ಕಾಯಿಲೆಯ ಸುದ್ದಿಯೂ ಹಬ್ಬುತ್ತದೆ. ಆಸ್ಪತ್ರೆಯ ಸಿಬ್ಬಂದಿಯೇ ಹಾಸಿಗೆ ಹಿಡಿದರಂತೂ ಕೇಳುವುದೇ ಬೇಡ. 'ನಮ್ಮೋರೇ ಅಲ್ವಾ' ಎಂದು ಚೀಟಿಯನ್ನೂ ಮಾಡಿಸದೆ ಲ್ಯಾಬಿನ ಗೆಳತಿಗೆ ರಕ್ತ ಕೊಟ್ಟು, 'ರಿಪೋರ್ಟ್ ವಾಟ್ಸ್‌ಆ್ಯಪ್ ಮಾಡು' ಎನ್ನುವುದೇ ಬಹಳ ಜನ ಮಾಡುವ ತಪ್ಪು. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ನಿಮ್ಮ ಶುಗರ್ ಎಷ್ಟೆಂದು ಎಲ್ಲರಿಗೂ ಗೊತ್ತಾಗಿರುತ್ತದೆ.

ಸಂಬಳ ಅಲ್ಲಿಯದೇ ಆದರೂ ಚಿಕಿತ್ಸೆಗೆ ಕೂತಾಗ ನೀವು ರೋಗಿಯೇ.

ರೋಗಿಯ ಗುಟ್ಟು ಕಾಯುವುದು 2002ರ ವೈದ್ಯಕೀಯ ನಡತೆ ನಿಯಮಗಳ ಪ್ರಕಾರ ವೈದ್ಯರ ಹೊಣೆ. ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. 2017ರ ಎಚ್‌ಐವಿ ಕಾಯ್ದೆ, ಮಾನಸಿಕ ಆರೋಗ್ಯ ಕಾಯ್ದೆಗಳಂತೂ ಈ ವಿಷಯದಲ್ಲಿ ಇನ್ನೂ ಬಿಗಿ.

ಚೀಟಿ ಮಾಡಿಸಿ, ರಿಪೋರ್ಟನ್ನು ಖುದ್ದಾಗಿ ಪಡೆಯಿರಿ. ರಜೆ ಅರ್ಜಿಯ ಜೊತೆಗಿನ ವೈದ್ಯಕೀಯ ಪ್ರಮಾಣಪತ್ರ ಮುಚ್ಚಿದ ಲಕೋಟೆಯಲ್ಲಿ ಹೋಗಲಿ. ತೀರಾ ಸೂಕ್ಷ್ಮ ತಪಾಸಣೆಯಾದರೆ ತುಮಕೂರಿಗೆ ಹೋಗಿಬನ್ನಿ, ಸಂಕೋಚ ಬೇಡ.

ಸಹೋದ್ಯೋಗಿಯ ಫೈಲನ್ನು ಕುತೂಹಲಕ್ಕೂ ತೆರೆಯಬೇಡಿ. 2007ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಆಸ್ಪತ್ರೆಯೊಂದರಲ್ಲಿ ನಟ ಜಾರ್ಜ್ ಕ್ಲೂನಿಯ ದಾಖಲೆ ಇಣುಕಿ ನೋಡಿದ ಆರೋಪದಲ್ಲಿ ಸುಮಾರು 27 ನೌಕರರನ್ನು ತಿಂಗಳ ಕಾಲ ಸಂಬಳವಿಲ್ಲದೆ ಅಮಾನತಿನಲ್ಲಿಟ್ಟಿದ್ದರು.