ಮೈಕಿನ ಮಾತು ತಡವಾಗಿ ಕೇಳಿಸಿದರೆ ಏನು ಮಾಡಬೇಕು?



ಕೋಲಾರದ ಚಿನ್ನದ ಗಣಿ 2001ನೇ ಇಸವಿ ಫೆಬ್ರವರಿ 28ರಂದು ಮುಚ್ಚಿತು. ಅದರೊಳಗೆ ಇಳಿದು ಕೆಲಸ ಮಾಡಿದವರಿಗೆಲ್ಲ ಈಗ ವಯಸ್ಸಾಗಿದೆ. ನಮ್ಮ ತಾತನೂ ಅವರಲ್ಲಿ ಒಬ್ಬರು. ಅವರ ಮಾತನ್ನು ರೆಕಾರ್ಡ್ ಮಾಡಿ ಶಾಲೆಗೆ ತರಬೇಕೆಂದು ದಸರಾ ರಜೆಯಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿ ಕೆ.ಜಿ.ಎಫ್.ಗೆ, ದೊಡ್ಡಮ್ಮನ ಮನೆಗೆ ಹೋದೆ. ತಾತ ಇರುವುದು ಅಲ್ಲೇ. ಅಣ್ಣನ ಕಂಪ್ಯೂಟರೂ ಅಲ್ಲೇ ಇದೆ. ಆದರೆ ತಾತನಿಗೆ ಜಾಸ್ತಿ ಹೊತ್ತು ಮಾತಾಡಿದರೆ ಉಸಿರು ಕಟ್ಟುತ್ತೆ. ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿಸುವ ಹಾಗಿಲ್ಲ.

ಮೊದಲನೇ ದಿನವೇ ಕೆಟ್ಟುಹೋಯಿತು. ಅಣ್ಣ ತಾತನ ಕಿವಿಗೆ ತನ್ನ ಬ್ಲೂಟೂತ್ ಹೆಡ್‌ಫೋನ್ ಹಾಕಿದ. ತಾತ ಶುರುಮಾಡಿದರು, ಎರಡು ಮಾತಿಗೇ ತೊದಲಿದರು. "ಯಾರೋ ನನ್ನ ಹಿಂದೇನೇ ಅಣಕಿಸ್ತಾ ಅವ್ರಲ್ಲೋ!" ಎಂದು ಹೆಡ್‌ಫೋನ್ ಕಿತ್ತಿಟ್ಟರು. ನಾನು ಹಾಕಿಕೊಂಡು ನೋಡಿದೆ, ನನಗೂ ನಾಲಿಗೆ ತಡವರಿಸಿತು. ನಮ್ಮ ಮಾತು ನಮಗೇ ಸೆಕೆಂಡಿನ ಐದನೇ ಒಂದು ಭಾಗ ತಡವಾಗಿ ಕೇಳಿಸಿದರೆ ಯಾರಿಗಾದರೂ ಹೀಗೇ ಆಗುತ್ತದಂತೆ. ತಾತನ ತಪ್ಪೇನೂ ಇಲ್ಲ.

ತಡ ಯಾಕಾಗುತ್ತೆ? ಕಂಪ್ಯೂಟರು ಧ್ವನಿಯನ್ನು ಅಂಕಿಗಳಾಗಿ ಮಾಡುತ್ತದೆ. ಸಾಮಾನ್ಯವಾಗಿ ಒಂದು ಸೆಕೆಂಡಿಗೆ 44,100 ಅಂಕಿಗಳು. ಅವನ್ನು ಒಂದೊಂದಾಗಿ ಕಳಿಸದೆ, ಒಂದಿಷ್ಟು ಕೂಡಿಟ್ಟು ಒಟ್ಟಿಗೆ ಕಳಿಸುತ್ತದೆ. ಹೀಗೆ ಕೂಡಿಡುವ ಜಾಗಕ್ಕೆ ಬಫರ್ ಎನ್ನುತ್ತಾರೆ. ಅಣ್ಣ ಎಷ್ಟು ಹೇಳಿದರೂ ನನಗೆ ತಲೆಗೆ ಹತ್ತಲಿಲ್ಲ. ಕೇಳ್ತಾ ಕೂತಿದ್ದ ತಾತ, "ಒಂದೊಂದು ಕಲ್ಲಿಗೂ ಸ್ಕಿಪ್ ಮೇಲಕ್ಕೆ ಕಳಿಸ್ತಾರೇನಮ್ಮ? ತುಂಬಿದ ಮೇಲೇ ತಾನೇ?" ಎಂದರು. ಗಣಿಯಿಂದ ಅದಿರನ್ನು ಮೇಲೆತ್ತುವ ದೊಡ್ಡ ತೊಟ್ಟಿಗೆ ಸ್ಕಿಪ್ ಅನ್ನುತ್ತಾರೆ. ಆಗ ನನಗೆ ಅರ್ಥವಾಯಿತು! ಮೊದಲು ಹಾಕಿದ ಕಲ್ಲು ಕೊನೇ ಕಲ್ಲಿಗಾಗಿ ಕಾಯಬೇಕು. 4,410 ಅಂಕಿ ತುಂಬುವ ಬಫರಾದರೆ ಸೆಕೆಂಡಿನ ಹತ್ತನೇ ಒಂದು ಭಾಗ ಅಲ್ಲೇ ಹೋಯಿತು. ಅಷ್ಟರಲ್ಲಿ ಗಾಳಿಯಲ್ಲಿ ಶಬ್ದ 34 ಮೀಟರ್ ದೂರ ಹೋಗಿರುತ್ತೆ. ಬಫರನ್ನು ತೀರಾ ಚಿಕ್ಕದು ಮಾಡಿದರೂ ಕಷ್ಟ. ಕಂಪ್ಯೂಟರಿಗೆ ಓಡಾಟ ಹೆಚ್ಚಾಗಿ, ಸುಧಾರಿಸಲಾರದೆ ಧ್ವನಿ ಪಟಪಟ ಎಂದು ಒಡೆಯುತ್ತದೆ. ಬ್ಲೂಟೂತ್ ಆದರೆ ಇದರ ಮೇಲೆ ತನ್ನದೂ ಒಂದಿಷ್ಟು ತಡ ಸೇರಿಸುತ್ತದೆ.

ನಾವು ಮಾಡಿದ್ದು ಇಷ್ಟು. ಮೊದಲು ಬ್ಲೂಟೂತ್ ತೆಗೆದು ವೈರಿನ ಹೆಡ್‌ಫೋನ್ ಹಾಕಿದೆವು. ಅರ್ಧ ತಡ ಹೋಯಿತು. ಆಮೇಲೆ ವಿಂಡೋಸ್‌ನ ಸೌಂಡ್ ಕಂಟ್ರೋಲ್ ಪ್ಯಾನೆಲ್ ತೆಗೆದು, ರೆಕಾರ್ಡಿಂಗ್‌ನಲ್ಲಿ ಮೈಕಿನ ಪ್ರಾಪರ್ಟೀಸ್‌ಗೆ ಹೋಗಿ, ಲಿಸನ್ ಎಂಬಲ್ಲಿ "ಲಿಸನ್ ಟು ದಿಸ್ ಡಿವೈಸ್" ಎಂಬ ಸಾಲಿನ ಟಿಕ್ ತೆಗೆದೆವು. ಅಷ್ಟೇ! ತಾತನಿಗೆ ತನ್ನ ಮಾತು ತನಗೆ ಕೇಳುವ ಅಗತ್ಯವೇ ಇರಲಿಲ್ಲ. ಇದನ್ನು ಮೊದಲೇ ಯೋಚಿಸಿದ್ದರೆ ಒಂದು ದಿನ ಉಳಿಯುತ್ತಿತ್ತು.

ಮಾರನೇ ದಿನ ತಾತ ಚಾಂಪಿಯನ್ ರೀಫ್ ಗಣಿ ಬಗ್ಗೆ ಹೇಳಿದರು. ಅದು 3 ಕಿಲೋಮೀಟರಿಗಿಂತ ಆಳ. ಅಲ್ಲಿಂದ ಕೂಗಿದರೆ, ಅಷ್ಟು ದೂರ ಕೇಳುವುದೇ ಆದರೂ, ಮೇಲೆ ತಲುಪಲು 9 ಸೆಕೆಂಡು ಬೇಕು (ಲೆಕ್ಕ ನಾನೇ ಮಾಡಿದೆ). ಅದಕ್ಕೇ ಗಂಟೆಯ ಸಂಜ್ಞೆ ಇತ್ತಂತೆ. ಕೊನೆಗೆ ಒಂದು ಕೋಲಾಟದ ಪದ ಹಾಡಿದರು.

ಆ ಪದಕ್ಕೆ ನಾನು ಕೋಲಿನ ತಾಳ ಸೇರಿಸಿದೆ. ಕೇಳಿದರೆ ತಾಳವೆಲ್ಲ ಹಿಂದೆ ಬಿದ್ದಿದೆ! ಇದೂ ಬಫರಿನ ಕೆಲಸವೇ. ನಾವು ಬಳಸಿದ್ದು ಆಡಾಸಿಟಿ ಎಂಬ ಉಚಿತ ತಂತ್ರಾಂಶ. ಅದರಲ್ಲಿ ಲೇಟೆನ್ಸಿ ಕಾಂಪೆನ್ಸೇಶನ್ ಎಂಬ ಅಂಕಿ ಇರುತ್ತೆ. ಅದನ್ನು ಸೊನ್ನೆ ಮಾಡಿ, ಟಿಕ್ ಟಿಕ್ ಶಬ್ದವನ್ನು ನುಡಿಸುತ್ತಾ, ಹೆಡ್‌ಫೋನನ್ನು ಮೈಕಿಗೆ ಒತ್ತಿ ಅದೇ ಶಬ್ದವನ್ನು ರೆಕಾರ್ಡ್ ಮಾಡಿದೆವು. ಎರಡು ಗೆರೆಗಳ ನಡುವಿನ ಅಂತರ ಅಳೆದರೆ 170 ಮಿಲಿಸೆಕೆಂಡ್. ಆ ಜಾಗದಲ್ಲಿ ಮೈನಸ್ 170 ಬರೆದು ಮತ್ತೆ ಬಾರಿಸಿದೆ. ತಾಳ ಸರಿಯಾಗಿ ಕೂತಿತು. ಒಂದೊಂದು ಕಂಪ್ಯೂಟರಿಗೂ ಈ ಅಂಕಿ ಬೇರೆ, ನೀವೇ ಅಳೆದುಕೊಳ್ಳಬೇಕು.

ತಾತನ ಮಾತು 11 ನಿಮಿಷ ಇದೆ. ನಡುವೆ ಎರಡು ಸಲ ಕೆಮ್ಮಿದ್ದಾರೆ, ಅದನ್ನು ತೆಗೆದಿಲ್ಲ. ಪೆನ್ ಡ್ರೈವ್ ವಿಜ್ಞಾನದ ಮೇಷ್ಟ್ರ ಹತ್ತಿರ ಇದೆ. ಕೇಳಬೇಕೆನ್ನುವವರು ಶನಿವಾರ ಶಾಲೆ ಬಿಟ್ಟ ಮೇಲೆ ಕಂಪ್ಯೂಟರ್ ಕೋಣೆಗೆ ಬನ್ನಿ.

— 7ನೇ ತರಗತಿ ವಿದ್ಯಾರ್ಥಿನಿ