ಮಿರ್ಯಾಮಳ ಬಾಯಿ, ನಮ್ಮ ಬಾಯಿ (ಅರಣ್ಯಕಾಂಡ 12:1-15)

ಎಲ್ಲರೂ ಬೈಬಲ್ ತೆಗೆಯಿರಿ. ಅರಣ್ಯಕಾಂಡ 12ನೇ ಅಧ್ಯಾಯ, 1ರಿಂದ 15ನೇ ವಚನದವರೆಗೆ. ಸಹೋದರಿಯರು ಒಂದು ವಚನ, ಸಹೋದರರು ಒಂದು ವಚನ ಓದೋಣ.

(ಸಭೆಯವರು ವಾಕ್ಯಭಾಗವನ್ನು ಓದಿದರು.)

ಆಮೆನ್. ಕೂತ್ಕೊಳ್ಳಿ.

ಹೋದ ಶುಕ್ರವಾರ ಯೌವನಸ್ಥರ ಕೂಟದಲ್ಲಿ ಒಂದು ವಾದ ಎದ್ದಿತು. ಅಂಗಡಿ ಇಟ್ಟಿರುವ ನಮ್ಮ ಒಬ್ಬ ಸಹೋದರ ಕೇಳಿದರು: "ಪಾಸ್ಟರ್, ಫೇರ್ ಅಂಡ್ ಲವ್ಲಿ ಅನ್ನೋ ಹೆಸರನ್ನ ಗ್ಲೋ ಅಂಡ್ ಲವ್ಲಿ ಅಂತ ಮಾಡಿದ್ರು. ನನ್ನ ಅಂಗಡಿಗೆ ಬರೋರು ಇವತ್ತಿಗೂ ಹಳೇ ಹೆಸರೇ ಹೇಳ್ತಾರೆ. ಬರೀ ಟ್ಯೂಬ್ ಮೇಲಿನ ಹೆಸರು. ಇದರಲ್ಲಿ ಪಾಪ ಎಲ್ಲಿಂದ ಬಂತು?" ಅದಕ್ಕೆ ಒಬ್ಬ ಸಹೋದರಿ ಎದ್ದು ನಿಂತು, "ಅಣ್ಣಾ, ನಿಮಗೆ ಅದು ಹೆಸರು. ನನಗೆ ಅದು ಹತ್ತು ವರ್ಷ ಕನ್ನಡಿ ಮುಂದೆ ಅತ್ತಿದ್ದು" ಅಂದರು. ಕೂಟ ಮೌನವಾಯಿತು. ನನಗೂ ಉತ್ತರ ಹೊಳೆಯಲಿಲ್ಲ. ಈ ವಾರ ಪೂರ್ತಿ ಪ್ರಾರ್ಥನೆಯಲ್ಲಿ ಆ ಮಾತನ್ನೇ ಹಿಡಿದುಕೊಂಡು ಕೂತಿದ್ದೆ. ಅದಕ್ಕೇ ಈ ವಾಕ್ಯಭಾಗ.

ಮೊದಲನೆಯದು: ದೇವರು ಕೇಳಿಸಿಕೊಳ್ಳುತ್ತಾನೆ

ಮೋಶೆ ಕೂಷ್ ದೇಶದ ಸ್ತ್ರೀಯನ್ನು ಮದುವೆಯಾಗಿದ್ದ. ಕೂಷ್ ಅಂದರೆ ಐಗುಪ್ತದ ದಕ್ಷಿಣಕ್ಕಿರುವ ಆಫ್ರಿಕದ ಸೀಮೆ. ಯೆರೆಮೀಯ 13:23ರಲ್ಲಿ ಪ್ರವಾದಿಯು ಕೂಷ್ಯನ ಚರ್ಮದ ಬಣ್ಣವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತಾನೆ. ಅಂದರೆ ಕೂಷ್ಯರು ಕಪ್ಪಗಿರುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿದ್ದ ವಿಷಯ. ಮಿರ್ಯಾಮಳೂ ಆರೋನನೂ ಆ ಹೆಂಗಸಿನ ವಿಷಯವಾಗಿ ಮೋಶೆಗೆ ವಿರೋಧವಾಗಿ ಮಾತಾಡಿದರು.

ಗಮನಿಸಿ ಪ್ರಿಯರೇ. "ಅವಳ ಬಣ್ಣಕ್ಕಾಗಿ ಮಾತಾಡಿದರು" ಎಂದು ವಾಕ್ಯ ಬಿಡಿಸಿ ಹೇಳುವುದಿಲ್ಲ. ನಾನು ವಾಕ್ಯಕ್ಕೆ ಕೂಡಿಸುವುದಿಲ್ಲ. ಎರಡನೇ ವಚನ ನೋಡಿದರೆ, ಅವರ ಒಳಗಿದ್ದದ್ದು ಮೋಶೆಯ ಸ್ಥಾನದ ಮೇಲಿನ ಹೊಟ್ಟೆಕಿಚ್ಚು. ಆದರೆ ಆ ಹೊಟ್ಟೆಕಿಚ್ಚು ಹೊರಗೆ ಬರುವುದಕ್ಕೆ ಯಾವ ಬಾಗಿಲು ಹುಡುಕಿತು? ಪರದೇಶದ ಆ ಹೆಂಗಸನ್ನು. ಅವಳ ಊರನ್ನು, ಅವಳ ಜನಾಂಗವನ್ನು. ನಮ್ಮಲ್ಲೂ ಹೀಗೇ ಅಲ್ಲವಾ? ಜಗಳ ನೀರಿನ ಟ್ಯಾಂಕಿಗೆ, ಬೈಗುಳ ಮಾತ್ರ ಬಣ್ಣಕ್ಕೆ, ಮುಖಕ್ಕೆ, ಜಾತಿಗೆ.

ಆ ಹೆಂಗಸಿನ ಒಂದು ಮಾತೂ ಈ ಅಧ್ಯಾಯದಲ್ಲಿಲ್ಲ. ಅವಳ ಹೆಸರೂ ಇಲ್ಲ. ಆದರೆ ಎರಡನೇ ವಚನದ ಕೊನೆಯನ್ನು ನೋಡಿ: ಯೆಹೋವನು ಆ ಮಾತನ್ನು ಕೇಳಿಸಿಕೊಂಡನು. ಆಮೇಲೆ ಏನಾಯಿತು? ಮಿರ್ಯಾಮಳಿಗೆ ತೊನ್ನು ಹತ್ತಿ ಮೈ ಹಿಮದಂತೆ ಬೆಳ್ಳಗಾಯಿತು. ಕೂಷ್ ದೇಶದ ಹೆಂಗಸಿನ ವಿಷಯ ಎತ್ತಿದವಳ ಮೇಲೆ ಬಂದ ಶಿಕ್ಷೆಯ ಬಣ್ಣ ಬಿಳಿ! ಕಪ್ಪು ಶಾಪ, ಬಿಳುಪು ಆಶೀರ್ವಾದ ಅಂತ ಯಾರು ನಮಗೆ ಕಲಿಸಿದರು? ಬೈಬಲ್ ಕಲಿಸಲಿಲ್ಲ. ಯೆಶಾಯ 1:18 ತೆಗೆದು ನೋಡಿ, ಅಲ್ಲಿ ಪಾಪದ ಬಣ್ಣ ಕೆಂಪು. ನಾವು ಸಂಡೇ ಸ್ಕೂಲಿನಲ್ಲಿ ಕಪ್ಪು ಹಾಳೆ ತೋರಿಸಿ "ಇದು ಪಾಪ" ಅಂತ ಮಕ್ಕಳಿಗೆ ಹೇಳುತ್ತೇವೆ. ಆ ಹಾಳೆಯನ್ನೂ ತನ್ನ ಕೈಯನ್ನೂ ನೋಡಿಕೊಳ್ಳುವ ಮಗು ಏನು ಕಲಿಯುತ್ತದೆ?

ಎರಡನೆಯದು: ಹೆಸರು ಬದಲಾಗುವುದು ಮಾನಸಾಂತರವಲ್ಲ

ಈಗ ಆ ಸಹೋದರನ ಪ್ರಶ್ನೆಗೆ ಬರುತ್ತೇನೆ. 2020ರ ಮೇ ತಿಂಗಳಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯ ಪೊಲೀಸರ ಮಂಡಿಯ ಕೆಳಗೆ ಪ್ರಾಣಬಿಟ್ಟ. ಅದರ ಮರುತಿಂಗಳೇ ದೊಡ್ಡ ದೊಡ್ಡ ಕಂಪನಿಗಳು ತಮ್ಮ ಡಬ್ಬಗಳ ಮೇಲಿನ ಚಿತ್ರಗಳನ್ನು ತಿರುಗಿ ನೋಡಿಕೊಂಡವು. ಅಲ್ಲಿ ಆಂಟ್ ಜೆಮೈಮಾ ಎಂಬ ದೋಸೆಹಿಟ್ಟಿನಂಥ ಒಂದು ಹಿಟ್ಟು ಇತ್ತು. 1889ರಿಂದ ಬಂದ ಹೆಸರು. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪುಜನರನ್ನು ಹಾಸ್ಯಮಾಡುತ್ತಿದ್ದ ನಾಟಕಗಳ ಹಾಡಿನಿಂದ ತೆಗೆದ ಹೆಸರು ಅದು. ಅಡುಗೆಮನೆಯಲ್ಲಿ ಬಿಳಿಯರಿಗೆ ನಗುನಗುತ್ತಾ ಸೇವೆ ಮಾಡುವ ಕಪ್ಪು ಹೆಂಗಸು ಎಂಬ ಚಿತ್ರ. ಆ ಪಾತ್ರವನ್ನು ಮೊದಲು ಮಾಡಿದ ನ್ಯಾನ್ಸಿ ಗ್ರೀನ್ ಗುಲಾಮಗಿರಿಯಲ್ಲೇ ಹುಟ್ಟಿದವರು.

ನಮಗೆ ಅನಿಸಬಹುದು, ಆಂಟಿ ಅಂದರೆ ಮರ್ಯಾದೆ ತಾನೇ? ನಾವು ಪಕ್ಕದ ಮನೆಯವರನ್ನು ಆಂಟಿ, ಮಾವ, ಅಜ್ಜಿ ಅಂತ ಪ್ರೀತಿಯಿಂದ ಕರೆಯುತ್ತೇವೆ. ಅಲ್ಲಿ ಅದು ತಿರುಗುಮುರುಗು. ಕಪ್ಪುಜನರಿಗೆ ಶ್ರೀಮಾನ್, ಶ್ರೀಮತಿ ಎಂಬ ಗೌರವ ಕೊಡಬಾರದು ಅಂತಲೇ ಬಿಳಿ ಯಜಮಾನರು ವಯಸ್ಸಾದವರನ್ನು ಆಂಟ್, ಅಂಕಲ್ ಅನ್ನುತ್ತಿದ್ದರು. ಒಂದೇ ಶಬ್ದ. ಒಂದು ಕಡೆ ಹೂವು, ಇನ್ನೊಂದು ಕಡೆ ಮುಳ್ಳು. ಆದ್ದರಿಂದ "ನಾನು ಕೆಟ್ಟದಾಗಿ ಹೇಳಲಿಲ್ಲ" ಅನ್ನುವುದಷ್ಟೇ ಸಾಲದು. ಕೇಳಿದವರಿಗೆ ಅದು ಏನಾಗಿ ಕೇಳಿಸಿತು ಎಂದು ವಿಚಾರಿಸಬೇಕು. 2021ರಲ್ಲಿ ಆ ಹೆಸರು ಹೋಯಿತು. ಆಗಲೂ ವಾದ ನಿಲ್ಲಲಿಲ್ಲ. ಆ ಪಾತ್ರ ಮಾಡಿ ದುಡಿದ ಹೆಂಗಸರ ಮನೆತನದವರಲ್ಲೇ ಕೆಲವರು, ಚಿತ್ರ ಅಳಿಸಿದರೆ ನಮ್ಮ ಹಿರಿಯರ ದುಡಿಮೆಯೂ ಅಳಿಸಿಹೋಗುತ್ತದೆ ಅಂದರು. ಅದರಲ್ಲೂ ನ್ಯಾಯವಿದೆ.

ನಮ್ಮ ದೇಶಕ್ಕೆ ಬನ್ನಿ. ಆ ಕ್ರೀಮ್ 1975ರಿಂದ ಮಾರಾಟದಲ್ಲಿದೆ. ಜಾಹೀರಾತುಗಳು ನಿಮಗೆ ನೆನಪಿವೆ. ಕಪ್ಪಗಿರುವ ಹುಡುಗಿಗೆ ಕೆಲಸ ಇಲ್ಲ, ಗಂಡು ಇಲ್ಲ. ಹಚ್ಚಿಕೊಂಡಳು, ಬೆಳ್ಳಗಾದಳು, ಕೆಲಸವೂ ಸಿಕ್ಕಿತು, ಗಂಡೂ ಸಿಕ್ಕಿದ. 2014ರಲ್ಲಿ ಜಾಹೀರಾತು ಕ್ಷೇತ್ರದ ಮಂಡಳಿಯೇ, ಕಪ್ಪಗಿರುವವರನ್ನು ಕೀಳಾಗಿ, ದುಃಖಿಗಳಾಗಿ ತೋರಿಸಬಾರದು ಅಂತ ನಿಯಮ ಮಾಡಬೇಕಾಯಿತು. 2020ರಲ್ಲಿ ಹೆಸರು ಬದಲಾಯಿತು. ಅದೇ ವರ್ಷ ಒಂದು ದೊಡ್ಡ ವಿವಾಹ ಜಾಲತಾಣ ಬಣ್ಣ ನೋಡಿ ಆರಿಸುವ ಸೌಲಭ್ಯ ತೆಗೆಯಿತು.

ಇದು ಒಳ್ಳೆಯದಾ? ಒಳ್ಳೆಯದೇ. ಸಾಕಾ? ಸಾಲದು. ಅಂಗಡಿ ಸಹೋದರನ ಮಾತಿನಲ್ಲಿ ಅರ್ಧ ಸತ್ಯ ಇದೆ: ಹೆಸರು ಬದಲಾದರೆ ಮನಸ್ಸು ಬದಲಾಗುವುದಿಲ್ಲ. ಆದರೆ ಆ ಸಹೋದರಿಯ ಮಾತಿನಲ್ಲಿ ಉಳಿದರ್ಧ ಇದೆ: ಆ ಹೆಸರು ಅವರ ಹೃದಯದ ಮೇಲೆ ಬರೆದದ್ದನ್ನು ಕಂಪನಿ ಬಂದು ಅಳಿಸುವುದಿಲ್ಲ. ಅದನ್ನು ಅಳಿಸಬೇಕಾದವರು ಯಾರು? ಸಭೆ!

ಮೂರನೆಯದು: ನ್ಯಾಯತೀರ್ಪು ದೇವರ ಮನೆಯಿಂದಲೇ

ಪಂಚಾಶತ್ತಮದ ಜನರೇ, ನಮ್ಮ ಮೂಲ ನೆನಪಿಸಿಕೊಳ್ಳಿ. ವಿಲಿಯಂ ಸೀಮೋರ್ ಅವರ ತಂದೆತಾಯಿ ಗುಲಾಮರಾಗಿದ್ದವರು. ಪವಿತ್ರಾತ್ಮನ ದೀಕ್ಷಾಸ್ನಾನದ ಬಗ್ಗೆ ಕಲಿಯಬೇಕೆಂದು ಹೂಸ್ಟನ್ನಿನ ಬೈಬಲ್ ಶಾಲೆಗೆ ಹೋದರು. ಕಪ್ಪುಜನ ಬಿಳಿಯರ ಜೊತೆ ಕೂರಬಾರದು ಎಂಬ ಕಟ್ಟಳೆ. ಅದಕ್ಕೆ ಬಾಗಿಲ ಹೊರಗೆ ಕೂತು ಪಾಠ ಕೇಳಿದರು. ಹೊರಗೆ ಕೂರಿಸಿದ ಆ ಮನುಷ್ಯನನ್ನೇ ಕರ್ತನು 1906ರಲ್ಲಿ ಲಾಸ್ ಏಂಜಲೀಸಿನ ಅಜೂಸಾ ಬೀದಿಗೆ ಕರೆದುಕೊಂಡು ಹೋದನು. ಹಲ್ಲೆಲೂಯಾ! ಅಲ್ಲಿ ಕಪ್ಪುಜನ, ಬಿಳಿಯರು, ಮೆಕ್ಸಿಕೋದವರು ಒಟ್ಟಿಗೆ ಮಂಡಿಯೂರಿದರು. ಆದರೆ ಕೆಲವೇ ವರ್ಷಗಳಲ್ಲಿ ಅಲ್ಲಿನ ಪಂಚಾಶತ್ತಮ ಸಭೆಗಳು ಬಣ್ಣದ ಮೇಲೆ ಒಡೆದವು. ಅನ್ಯಭಾಷೆ ಮಾತಾಡಿದ ನಾಲಿಗೆಯೇ "ನೀನು ಬೇರೆ" ಅಂದಿತು. 1994ರಲ್ಲಿ ಮೆಂಫಿಸ್ ನಗರದಲ್ಲಿ ಸೇರಿ ಅವರು ಕ್ಷಮೆ ಕೇಳಿಕೊಂಡರು. ಒಬ್ಬ ಬಿಳಿ ಪಾಸ್ಟರ್ ಕಪ್ಪು ಬಿಷಪರ ಕಾಲು ತೊಳೆದರು.

ನಾವು ಅಮೆರಿಕದವರ ಕಡೆ ಬೆರಳು ತೋರಿಸಿ ಮನೆಗೆ ಹೋಗುವ ಹಾಗಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಕಡೆ ಸಿದ್ದಿ ಜನರಿದ್ದಾರೆ. ಆಫ್ರಿಕದಿಂದ ಬಂದವರ ಸಂತತಿ, ಶತಮಾನಗಳಿಂದ ಇಲ್ಲಿಯವರು. ಅವರಲ್ಲಿ ಕ್ರೈಸ್ತರೂ ಇದ್ದಾರೆ. 2020ರಲ್ಲಿ ಶಾಂತಾರಾಮ ಸಿದ್ದಿಯವರು ನಮ್ಮ ವಿಧಾನ ಪರಿಷತ್ತಿನ ಸದಸ್ಯರಾದರು. ಸಿದ್ದಿ ಹುಡುಗ ಕನ್ನಡದಲ್ಲೇ ಟಿಕೆಟ್ ಕೇಳಿದರೂ "ಯಾವ ದೇಶ?" ಅಂತ ಕೇಳುತ್ತೇವೆ. ಈಶಾನ್ಯದ ಮಕ್ಕಳಿಗೆ ಇಡುವ ಹೆಸರುಗಳನ್ನು ನಾನು ಈ ಪೀಠದಿಂದ ಹೇಳುವುದಿಲ್ಲ. ನಿಮಗೆ ಗೊತ್ತು. 2012ರ ಆಗಸ್ಟಿನಲ್ಲಿ ಅವರು ಭಯಬಿದ್ದು ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿದರು. ಹಬ್ಬಿದ್ದು ವದಂತಿ. ಆದರೆ ದಿನವೂ ಬೀದಿಯಲ್ಲಿ "ನೀನು ನಮ್ಮವನಲ್ಲ" ಅಂತ ಕೇಳಿಸಿಕೊಂಡವನಿಗೆ ವದಂತಿ ನಂಬುವುದು ಕಷ್ಟವಾ?

ಈಗ ನನ್ನ ಸಾಕ್ಷಿ. ಇದು ಸಾಕ್ಷಿ ಅಲ್ಲ, ಪಾಪದ ಅರಿಕೆ. ನನ್ನ ಹತ್ತಿರ ಒಂದು ನೋಟ್ ಪುಸ್ತಕ ಇದೆ. ಮದುವೆ ವಯಸ್ಸಿನ ಮಕ್ಕಳ ವಿವರ ಅದರಲ್ಲಿ ಬರೆದಿಡುತ್ತೇನೆ. ಹೆಸರು, ವಯಸ್ಸು, ದೀಕ್ಷಾಸ್ನಾನ ಆಗಿದೆಯಾ, ಓದು, ಕೆಲಸ. ಕೊನೆಯಲ್ಲಿ ಒಂದು ಕಾಲಂ: ಬಣ್ಣ. ಸ್ಕೇಲ್ ಇಟ್ಟು ಆ ಗೆರೆ ಎಳೆದದ್ದು ನಾನೇ. ಶುಕ್ರವಾರ ಕೂಟ ಮುಗಿದ ಮೇಲೆ ಆ ಸಹೋದರಿ ಬಂದು ಕೇಳಿದರು, "ಪಾಸ್ಟರ್, ನನ್ನ ಹೆಸರಿನ ಮುಂದೆ ಏನು ಬರೆದಿದ್ದೀರಿ?" ನಾನು ಬರೆದಿದ್ದೆ: "ಸ್ವಲ್ಪ ಕಪ್ಪು." ನಾನು ಸುಳ್ಳು ಹೇಳಲಾರದೆ ಪುಸ್ತಕ ತೋರಿಸಿದೆ. ಅವರು ಓದಿ, ಮುಚ್ಚಿ, "ಸ್ವಲ್ಪ ಅಂತ ಬರೆದದ್ದು ನಿಮ್ಮ ದಯೆ" ಅಂದು ಹೋದರು. ಪ್ರಿಯರೇ, ನಾನು ಆ ರಾತ್ರಿ ಮಲಗಲಿಲ್ಲ. 1 ಸಮುವೇಲ 16:7ರ ಮೇಲೆ ಎಷ್ಟು ಸಲ ಪ್ರಸಂಗ ಮಾಡಿದ್ದೇನೆ! ಮನುಷ್ಯರು ಹೊರತೋರಿಕೆ ನೋಡುತ್ತಾರೆ, ಕರ್ತನು ಹೃದಯ ನೋಡುತ್ತಾನೆ ಅಂತ. ನನ್ನ ಪುಸ್ತಕದಲ್ಲಿ ಹೃದಯಕ್ಕೆ ಒಂದು ಕಾಲಂ ಇರಲಿಲ್ಲ.

ಆ ಸಹೋದರಿಯ ಅಪ್ಪಣೆ ಪಡೆದೇ ಇದನ್ನು ಹೇಳುತ್ತಿದ್ದೇನೆ. ಅವರ ಹತ್ತಿರ ಕ್ಷಮೆ ಕೇಳಿದ್ದೇನೆ. ಇವತ್ತು ಸಭೆಯ ಮುಂದೆಯೂ ಕೇಳುತ್ತೇನೆ. ಆ ಕಾಲಂ ಇನ್ನು ಮುಂದೆ ಇಲ್ಲ. "ಹುಡುಗಿ ಬೆಳ್ಳಗಿರಬೇಕು" ಅಂತ ನನ್ನ ಹತ್ತಿರ ಬರುವ ತಾಯಂದಿರೇ, ಪ್ರೀತಿಯಿಂದಲೇ ಹೇಳುತ್ತೇನೆ, ಆ ಕೆಲಸಕ್ಕೆ ಬೇರೆ ದಲ್ಲಾಳಿ ಹುಡುಕಿಕೊಳ್ಳಿ. ಇನ್ನೊಂದು: ಪ್ರತಿ ಕ್ರಿಸ್‌ಮಸ್ ನಾಟಕದಲ್ಲಿ ಸೈತಾನನ ಪಾತ್ರಕ್ಕೆ ಯಾವ ಹುಡುಗನನ್ನು ಕರೆಯುತ್ತೇವೆ, ದೇವದೂತರ ರೆಕ್ಕೆ ಯಾರಿಗೆ ಕಟ್ಟುತ್ತೇವೆ? ಸಂಡೇ ಸ್ಕೂಲ್ ಟೀಚರ್‌ಗಳು ಈ ವರ್ಷ ಯೋಚಿಸಿ.

ಕೊನೆಯ ಮಾತು. ಮಿರ್ಯಾಮಳು ಏಳು ದಿನ ಪಾಳೆಯದ ಹೊರಗಿದ್ದಳು. ಅವಳು ಬರುವ ತನಕ ಜನರು ಹೊರಡಲಿಲ್ಲ. ಒಂದು ನಾಲಿಗೆಯಿಂದ ಇಡೀ ಸಭೆಯ ಪ್ರಯಾಣ ನಿಂತಿತು! ನಮ್ಮ ಉಜ್ಜೀವನ ಯಾಕೆ ನಿಂತಿದೆ ಅಂತ ಉಪವಾಸ ಮಾಡಿ ಕೇಳುತ್ತೇವಲ್ಲ, ಇಲ್ಲಿ ನೋಡೋಣ. ಆದರೆ ನಿರೀಕ್ಷೆಯೂ ಇದೆ. ಆರೋನನು "ನಾವು ಪಾಪ ಮಾಡಿದೆವು" ಎಂದು ಒಪ್ಪಿಕೊಂಡ. ನೊಂದ ಮೋಶೆಯೇ ಅವಳಿಗಾಗಿ ಮೊರೆಯಿಟ್ಟ. ದೇವರು ಅವಳನ್ನು ತಿರುಗಿ ಸೇರಿಸಿದನು.

ಎಲ್ಲರೂ ಎದ್ದು ನಿಲ್ಲೋಣ. ನಿಮ್ಮ ಬಾಯಿಂದ ನೋವು ತಿಂದ ಒಬ್ಬರ ಮುಖ ಕಣ್ಣ ಮುಂದೆ ತಂದುಕೊಳ್ಳಿ. ಅವರು ಈ ಹಾಲಿನಲ್ಲೇ ಇದ್ದರೆ ಪ್ರಾರ್ಥನೆ ಮುಗಿಯುವ ತನಕ ಕಾಯಬೇಡಿ, ಈಗಲೇ ಹೋಗಿ ಮಾತಾಡಿ. ಪರಲೋಕದ ತಂದೆಯೇ, ನಮ್ಮ ನಾಲಿಗೆಯನ್ನು ಮುಟ್ಟು. ನೀನು ನಿನ್ನ ಕೈಯಿಂದ ಮಾಡಿದ ಒಂದು ಮುಖವನ್ನೂ ನಾವು ಹೀನಾಯ ಮಾಡದಂತೆ ಕಾಯಿ. ಕನ್ನಡಿಯ ಮುಂದೆ ಅತ್ತ ಪ್ರತಿ ಮಗಳ ಕಣ್ಣೀರನ್ನೂ ನೀನೇ ಒರೆಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ. ಆಮೆನ್.