ತಲೆಯ ಮೇಲಿನ ಮಣ್ಣು

ಟೀವಿಯಲ್ಲಿ ಎಲ್ಲೋ ಕಡಲು ಉಕ್ಕಿದ್ದನ್ನು ತೋರಿಸಿದಾಗಲೆಲ್ಲ ನಮ್ಮ ಕಟ್ಟೆಯ ಮೇಲೆ ಒಬ್ಬರಾದರೂ ಕೇಳುತ್ತಾರೆ: "ಏನ್ರಿ, ಕಲ್ಯಾಣಕ್ಕ ಸಮುದ್ರ ಬರ್ತದೇನ್ರಿ?" ಬರುವುದಿಲ್ಲ. ಬಸವಕಲ್ಯಾಣ, ಹುಮನಾಬಾದ್ ಎರಡೂ ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದಲ್ಲಿವೆ. ಕೊಂಕಣದ ದಂಡೆ ಸುಮಾರು ನಾನೂರು ಕಿಲೋಮೀಟರ್ ದೂರ. ಅಲೆಯ ಚಿಂತೆ ಬಿಡಿ. ಆದರೆ ಸುನಾಮಿಯನ್ನು ಎಬ್ಬಿಸುವ ನೆಲದ ನಡುಕ ಇದೆಯಲ್ಲ, ಅದು ನಮ್ಮ ಬಾಗಿಲಿಗೇ ಬಂದುಹೋಗಿದೆ.

1993ರ ಸೆಪ್ಟೆಂಬರ್ 30, ನಸುಕಿನ 3 ಗಂಟೆ 56 ನಿಮಿಷ. ಹಿಂದಿನ ದಿನ ಅನಂತ ಚತುರ್ದಶಿ. ಗಣಪತಿ ಕಳಿಸಿ ಜನ ತಡವಾಗಿ ಮಲಗಿದ್ದರು. ಕಿಲ್ಲಾರಿ ನಮ್ಮಿಂದ ದೂರವೇನಲ್ಲ, ಕಲ್ಯಾಣದಿಂದ ನೇರ ಗೆರೆ ಎಳೆದರೆ ಐವತ್ತು ಕಿಲೋಮೀಟರ್ ಆಸುಪಾಸು. ಕಿಲ್ಲಾರಿ, ಸಾಸ್ತೂರಿನಂಥ ಊರುಗಳು ನಿಮಿಷ ತುಂಬುವುದರೊಳಗೆ ನೆಲಕಚ್ಚಿದವು. ಹತ್ತಿರ ಹತ್ತಿರ ಹತ್ತು ಸಾವಿರ ಜನ ಹೋದರು. ಕಂಪನದ ಪ್ರಮಾಣ 6.2. ಲೋಕದ ಲೆಕ್ಕದಲ್ಲಿ ಅದು ದೈತ್ಯ ಭೂಕಂಪವೇ ಅಲ್ಲ. ಮತ್ತೆ ಇಷ್ಟು ಜನ ಯಾಕೆ ಸತ್ತರು?

ತಮ್ಮಂದಿರಾ, ಇದನ್ನು ಗಮನವಿಟ್ಟು ಕೇಳಿ. ಅವರು ಸತ್ತದ್ದು ತಮ್ಮದೇ ಮನೆಯ ಭಾರಕ್ಕೆ. ಗೋಡೆ ದಪ್ಪ ಇದ್ದರೆ ಗಟ್ಟಿ ಎಂದು ನಾವೆಲ್ಲ ನಂಬಿದ್ದೇವೆ. ಆ ದಪ್ಪ ಗೋಡೆ ಅಸಲಿಗೆ ಎರಡು ಗೋಡೆ: ಒಳಗೊಂದು ಪದರ, ಹೊರಗೊಂದು ಪದರ, ನಡುವೆ ಚೂರುಗಲ್ಲು ಮತ್ತು ಮಣ್ಣು. ಎರಡನ್ನೂ ಹಿಡಿದಿಡುವ ಉದ್ದ ಕಲ್ಲು ಅಡ್ಡಕ್ಕೆ ಇಲ್ಲದಿದ್ದರೆ, ನಡುಗಿದಾಗ ಪದರಗಳು ಬೇರೆಯಾಗಿ ಒಂದು ಒಳಕ್ಕೆ, ಒಂದು ಹೊರಕ್ಕೆ ಬೀಳುತ್ತವೆ. ಮೇಲೆ ಮಾಳಿಗೆ. ಮಳೆಗಾಲಕ್ಕೆ ಮುಂಚೆ ಸೋರಬಾರದೆಂದು ಅಜ್ಜ ಒಂದಿಷ್ಟು ಮಣ್ಣು ಹಾಕಿದ, ಅಪ್ಪ ಹಾಕಿದ, ನಾವೂ ಹಾಕಿದೆವು. ಹಳೆಯದನ್ನು ತೆಗೆದವರು ಯಾರೂ ಇಲ್ಲ. ಬೇಸಿಗೆಯಲ್ಲಿ ತಂಪು ಕೊಡುವ ಆ ಮಣ್ಣೇ ಕಿಲ್ಲಾರಿಯಲ್ಲಿ ಮಲಗಿದವರ ಮೇಲೆ ಕುಸಿದದ್ದು. ಮಾಳಿಗೆಯ ಭಾರವನ್ನು ಕಟ್ಟಿಗೆಯ ಕಂಬ-ತೊಲೆಗಳು ಹೊತ್ತಿದ್ದ ಕೆಲವು ಮನೆಗಳಲ್ಲಿ ಗೋಡೆ ಬಿದ್ದರೂ ಮಾಳಿಗೆ ನಿಂತಿತ್ತು.

ಆದ್ದರಿಂದ ಹಳೆಯ ಮನೆಯಿದ್ದವರು ಮೊದಲು ಮಾಳಿಗೆ ಹತ್ತಿ. ಮಣ್ಣು ಎಷ್ಟು ದಪ್ಪ ಇದೆ ನೋಡಿ, ಹೆಚ್ಚಿನದನ್ನು ಇಳಿಸಿ. ಸೋರುವುದನ್ನು ತಡೆಯಲು ಈಗ ಹಗುರವಾದ ಬೇರೆ ದಾರಿಗಳಿವೆ. ಗೋಡೆ ಹೊಟ್ಟೆ ಬಿಟ್ಟಿದ್ದರೆ ಗೌಂಡಿಯನ್ನು ಕರೆದು ಅಲ್ಲಲ್ಲಿ ಒಳಹೊರಗಿನ ಪದರ ಜೋಡಿಸುವ ಕೆಲಸ ಮಾಡಿಸಿ. ಕಂಬ ತೊಲೆಗೆ ಕೂಡುವಲ್ಲಿ ಓರೆಯಾಗಿ ಒಂದು ಕಟ್ಟಿಗೆ ಬಿಗಿದರೂ ಬಲ ಬರುತ್ತದೆ. ಹೊಸ ಮನೆ ಕಟ್ಟುವವರು ಬಾಗಿಲು-ಕಿಟಕಿಯ ತಲೆಮಟ್ಟಕ್ಕೆ ನಾಲ್ಕೂ ಗೋಡೆ ಸುತ್ತುವಂತೆ ಕಬ್ಬಿಣ ಹಾಕಿದ ಕಾಂಕ್ರೀಟ್ ಪಟ್ಟಿ ಕೇಳಿ ಹಾಕಿಸಿಕೊಳ್ಳಿ. "ನಮ್ಮ ಕಡಿ ಅದೆಲ್ಲಾ ಬ್ಯಾಡ್ರಿ" ಎಂದು ಗೌಂಡಿ ನಕ್ಕರೆ ನಗಲಿ, ಮನೆ ನಿಮ್ಮದು. ತಗಡಿನ ಮನೆಯವರು ಗಾಳಿಗೆ ಹಾರದಿರಲೆಂದು ಮೇಲೆ ಇಟ್ಟ ಗುಂಡುಗಲ್ಲುಗಳನ್ನು ತೆಗೆದು ತಗಡನ್ನು ಬೋಲ್ಟಿನಿಂದ ಬಿಗಿಯಿರಿ.

ಕಲ್ಯಾಣದ ಹಳೆ ಓಣಿಗಳವರಿಗೆ ಇನ್ನೊಂದು ತೊಂದರೆ. ನೆಲ ನಡುಗಿದಾಗ ಹೊರಗೆ ಓಡಿ ಎನ್ನುವುದು ಸುಲಭ. ಆದರೆ ಹೊರಗೆ ಎದುರುಬದುರು ಎರಡು ಕಲ್ಲುಗೋಡೆಗಳ ನಡುವಿನ ಸಂದಿ ಇದ್ದರೆ? ಮಣ್ಣಿನ ಮಾಳಿಗೆಯ ಮನೆಯಲ್ಲಿ ಬಾಗಿಲ ಹತ್ತಿರ ಇದ್ದವರು ಬಯಲಿಗೆ ಹೋಗಬೇಕು ನಿಜ. ಆ ಬಯಲು ಯಾವುದು, ಯಾವ ಓಣಿಯಿಂದ ಹೋಗುವುದು ಎಂಬುದನ್ನು ಹಗಲಲ್ಲೇ ನಡೆದು ನೋಡಿ. ಕಾಂಕ್ರೀಟ್ ಕಟ್ಟಡದ ಮಹಡಿಯಲ್ಲಿದ್ದರೆ ಮೆಟ್ಟಿಲಿಗೆ ನುಗ್ಗಬೇಡಿ, ಗಟ್ಟಿ ಮೇಜಿನ ಕೆಳಗೆ ಸೇರಿ ತಲೆ ಕಾಯ್ದುಕೊಳ್ಳಿ. ಜೋಳದ ಚೀಲಗಳನ್ನು ಬಾಗಿಲಿಗೆ ಅಡ್ಡ ಪೇರಿಸಬೇಡಿ. ಹಾಸಿಗೆ ಹತ್ತಿರ ಟಾರ್ಚು, ಚಪ್ಪಲಿ ಇರಲಿ. ಮುದುಕರ ಹಾಸಿಗೆ ಬಾಗಿಲ ಸಮೀಪ ಹಾಕಿ. ಹೊರಬಿದ್ದ ಮೇಲೆ ಪೆಟ್ಟಿಗೆ, ಒಡವೆ ಎಂದು ಮತ್ತೆ ಒಳಗೆ ಹೋಗಬೇಡಿ. ಹಿಂದಿನಿಂದ ಬರುವ ಸಣ್ಣ ನಡುಕಗಳು ಬಿರುಕುಬಿಟ್ಟ ಗೋಡೆಯನ್ನು ಕೆಡವುತ್ತವೆ.

ಇಷ್ಟೆಲ್ಲ ಹೇಳುವುದಕ್ಕೆ ಕಾರಣವಿದೆ. ಕಿಲ್ಲಾರಿಯ ಸುತ್ತ ಹಿಂದಿನ ವರ್ಷವೇ, 1992ರಲ್ಲಿ, ನೆಲ ನಡುಗಿತ್ತು. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದವರು ನಡುಕದ ಮೇಲೆ ನಡುಕ ಕಂಡು ಊರೇ ಬಿಟ್ಟು ಹೊರಟಿದ್ದರು. ಪ್ರತಿ ಸಣ್ಣ ನಡುಕದ ಹಿಂದೆಯೂ ದೊಡ್ಡದು ಬಂದೇ ಬರುತ್ತದೆ ಎಂದಲ್ಲ. "ಇಂದು ರಾತ್ರಿ ಎರಡಕ್ಕೆ ಭೂಕಂಪ" ಎಂದು ಮೊಬೈಲಿಗೆ ಬರುವ ಸಂದೇಶ ಮಾತ್ರ ಶುದ್ಧ ಸುಳ್ಳು. ದಿನ, ಗಳಿಗೆ ಹೇಳುವ ವಿದ್ಯೆ ಇನ್ನೂ ಯಾರ ಕೈಗೂ ಸಿಕ್ಕಿಲ್ಲ.

ಸಮುದ್ರದ ಮಾತು ಪೂರಾ ಬಿಡುವಂತೆಯೂ ಇಲ್ಲ. ನಮ್ಮ ಹುಡುಗರು ದುಡಿಯಲು ಮುಂಬೈಗೆ ಹೋಗುತ್ತಾರೆ, ಶಾಲೆಯ ಪ್ರವಾಸ ಗೋಕರ್ಣ, ಮುರುಡೇಶ್ವರಕ್ಕೆ ಹೋಗುತ್ತದೆ. ಪಡುವಣ ಕಡಲು ಸಾಧು ಎಂದು ತಿಳಿಯಬೇಡಿ. 1945ರ ನವೆಂಬರಿನಲ್ಲಿ ಮಕ್ರಾನ್ ದಂಡೆಯ ಭೂಕಂಪ ಎಬ್ಬಿಸಿದ ಅಲೆ ಮುಂಬೈಯಲ್ಲೂ ಜೀವ ತೆಗೆದಿತ್ತು. 2004ರ ಡಿಸೆಂಬರ್ 26ರಂದು ಸುಮಾತ್ರಾದಿಂದ ನಾಗಪಟ್ಟಣಕ್ಕೆ ಅಲೆ ಬರಲು ಎರಡು ತಾಸಿನ ಮೇಲೆ ಹಿಡಿಯಿತು, ಆದರೆ ಹೇಳುವವರು ಇರಲಿಲ್ಲ. ಈಗ ಇದ್ದಾರೆ. 2007ರಿಂದ ಸುನಾಮಿಯ ಎಚ್ಚರಿಕೆ ಕೊಡುವ ಕೇಂದ್ರ ಇರುವುದು, ವಿಚಿತ್ರ ನೋಡಿ, ಕಡಲೇ ಇಲ್ಲದ ಹೈದರಾಬಾದಿನಲ್ಲಿ, ನಮ್ಮ ಹುಮನಾಬಾದಿನ ಹೆದ್ದಾರಿ ಹೋಗಿ ಮುಟ್ಟುವ ಊರಿನಲ್ಲಿ. ಆದರೂ ದಂಡೆಯಲ್ಲಿ ನಿಂತಾಗ ನೆಲ ಜೋರಾಗಿ, ಬಹಳ ಹೊತ್ತು ನಡುಗಿದರೆ, ಇಲ್ಲವೇ ನೀರು ಇದ್ದಕ್ಕಿದ್ದಂತೆ ಹಿಂದೆ ಸರಿದರೆ, ಫೋನಿಗೆ ಕಾಯದೆ ಎತ್ತರಕ್ಕೆ ಓಡಿ ಎಂದು ಮಕ್ಕಳಿಗೆ ಹೇಳಿ ಕಳಿಸಿ. ಮೊದಲ ಅಲೆಯೇ ಕೊನೆಯದಲ್ಲ. ಅದು ಇಳಿಯಿತೆಂದು ತಾಸೊಪ್ಪತ್ತಿನಲ್ಲೇ ಕೆಳಗೆ ಬರಬಾರದು.

ಸುಮಾತ್ರಾದ ಪಕ್ಕದ ಸಿಮೆಲುವೆ ದ್ವೀಪ 2004ರ ಆ ಅಲೆ ಎಬ್ಬಿಸಿದ ಭೂಕಂಪಕ್ಕೆ ತೀರ ಹತ್ತಿರ. ಎಪ್ಪತ್ತು ಸಾವಿರಕ್ಕೂ ಮೇಲ್ಪಟ್ಟ ಜನರಲ್ಲಿ ಅಲ್ಲಿ ಸತ್ತವರು ಬೆರಳೆಣಿಕೆಯಷ್ಟೇ. 1907ರ ಅಲೆಯ ಕಥೆಯನ್ನು ಅಜ್ಜಿಯರು ಮೊಮ್ಮಕ್ಕಳಿಗೆ ಹೇಳುತ್ತಲೇ ಬಂದಿದ್ದರು. ನೆಲ ನಡುಗಿದ ಕೂಡಲೇ ಊರೆಲ್ಲ ಗುಡ್ಡ ಹತ್ತಿತು. ನಮ್ಮಲ್ಲಿ ಮೂವತ್ತು ದಾಟದವರಿಗೆ ಕಿಲ್ಲಾರಿ ಬರೀ ಒಂದು ಹೆಸರು. ಅವ್ವಂದಿರೇ, ಅಜ್ಜಂದಿರೇ, ಆ ನಸುಕಿನ ಮಾತನ್ನು ಊಟದ ಹೊತ್ತಿಗೆ ತೆಗೆಯಿರಿ. ಜಿಲ್ಲೆಯ ವಿಪತ್ತು ಸಹಾಯವಾಣಿ 1077, ಆಂಬುಲೆನ್ಸಿಗೆ 108. ಎರಡನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ, ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಮಣ್ಣು ಇಳಿಸಿ.